ದಾವಲಸಾಬ ಬಿಚ್ಚಿದ ಸುರುಳಿ

ಯಾವ ಕಾಲದ್ದು ಅಂತ ಕೇಳಬೇಡಿ. ಗೊತ್ತಿದ್ದವರು ಮಣ್ಣಾಗಿ ಹೋದರು. ಹುಣಸೀಹರವಿ ಅಂತ ಒಂದು ಊರು. ಆ ಊರಲ್ಲಿ ದಾವಲಸಾಬ ಅಂತ ಒಬ್ಬನಿದ್ದ. ಸುಟ್ಟ ಮೋಟಾರಿಗೆ ಹೊಸ ತಾಮ್ರ ಸುತ್ತುವುದು ಅವನ ಕಸುಬು.

ಮೂರು ಹೊಲದಾಚೆ ಪಂಪ್‌ಸೆಟ್ಟು ಓಡುತ್ತಿದ್ದರೆ ಕೂತಲ್ಲೇ ಕೇಳಿ, ಇಂಥ ದಿನ ಸುಡುತ್ತದೆ ಅನ್ನುತ್ತಿದ್ದನಂತೆ. ಅಂದ ದಿನವೇ ಸುಡುತ್ತಿತ್ತಂತೆ. ಅವನೇ ಹೋಗಿ ಸುಟ್ಟು ಬರುತ್ತಾನೆ ಅನ್ನುವವರೂ ಇದ್ದರು. ಕಣ್ಣು ಮುಚ್ಚಿ ಸುರುಳಿಯನ್ನು ಅಂಗೈಯಲ್ಲಿ ತೂಗಿ ಎಷ್ಟು ಸುತ್ತು ಅಂತ ಹೇಳುತ್ತಿದ್ದನಂತೆ. ಹತ್ತು ಸುತ್ತು ಆಚೀಚೆ, ಅಷ್ಟೇ. ಒಂದು ಸುತ್ತೂ ತಪ್ಪುತ್ತಿರಲಿಲ್ಲ ಅಂತ ಕೆಲವರು ಅಂತಾರೆ. ಅದು ಸುಳ್ಳಿರಬೇಕು.

ಅವನಿಗೆ ಮಾತು ಕಡಿಮೆ. ಸಿಟ್ಟು ಜಾಸ್ತಿ.

ಅದೇ ಊರಲ್ಲಿ ಕೊಟ್ರಬಸಪ್ಪನದು ಒಂದು ಆರ್ಕೆಸ್ಟ್ರಾ ಇತ್ತು. ಸುತ್ತಲಿನ ಊರಿನ ಮದುವೆಗಳಲ್ಲಿ ಬಾರಿಸುತ್ತಿದ್ದರು. ಅದರಲ್ಲಿ ಗಿಟಾರು ಸಲೋಮಿಯದು. ಮಿಶನ್ ಕೇರಿಯ ಹೆಣ್ಣುಮಗಳು. ಗಂಡ ತೀರಿಹೋಗಿದ್ದ. ಅವಳಿಗೆ ಉಳಿದದ್ದು ಅಪ್ಪ ಬಿಟ್ಟುಹೋದ ಗಿಟಾರು, ಆ ಮೇಳದಲ್ಲಿ ಒಂದು ಜಾಗ. ಬೇರೇನೂ ಇಲ್ಲ.

ಕರೆಂಟಿನ ಗಿಟಾರಿನಲ್ಲಿ ತಂತಿಗಳ ಕೆಳಗೆ ಒಂದು ಸಣ್ಣ ವಸ್ತು ಕೂತಿರುತ್ತದೆ. ಆಯಸ್ಕಾಂತ, ಅದರ ಸುತ್ತ ಕೂದಲಿಗಿಂತ ತೆಳ್ಳಗಿನ ತಾಮ್ರದ ಎಳೆ, ಸಾವಿರಾರು ಸುತ್ತು. ತಂತಿ ನಡುಗಿದ್ದನ್ನು ಅದು ಹಿಡಿದು ಆಂಪಿಗೆ ಕಳಿಸುತ್ತದೆ. ಆಂಪು ಅದನ್ನು ದೊಡ್ಡದು ಮಾಡಿ ಜಗತ್ತಿಗೆ ಹೇಳುತ್ತದೆ. ಹಿಡಿಯುವ ಆ ವಸ್ತುವಿಗೆ ಪಿಕಪ್ ಅಂತಾರೆ. ಸಲೋಮಿಯ ಪಿಕಪ್ ಒಮ್ಮೆ ಸತ್ತುಹೋಯಿತು. ದಾವಲಸಾಬ ಸುತ್ತಿಕೊಟ್ಟ. ಆಮೇಲೆ ಅವಳು ಬಾರಿಸಿದರೆ ಆರು ತಂತಿಯನ್ನು ಒಟ್ಟಿಗೆ ಎಳೆದರೂ ಆರೂ ಬೇರೆ ಬೇರೆ ಕೇಳುತ್ತಿದ್ದವಂತೆ. ಅವನು ಅಂಗಡಿಯಲ್ಲಿ ಕೂತೇ ಕೇಳುತ್ತಿದ್ದ. ಒಂದು ದಿನವೂ ಚೆನ್ನಾಗಿದೆ ಅನ್ನಲಿಲ್ಲ. ಸುತ್ತುವ ಕೈ ನಿಲ್ಲಿಸುತ್ತಿದ್ದ, ಅಷ್ಟೇ ಅಂತಾರೆ.

ಹೀಗಿರುವಾಗ ಕೊಟ್ರಬಸಪ್ಪ ಹೊಸ ಆಂಪು ತಂದ. ಕರೀ ಪೆಟ್ಟಿಗೆ. ಎತ್ತಲು ನಾಲ್ಕು ಆಳು ಬೇಕು. ಪಿಕಪ್ ಪಿಸುಗುಟ್ಟಿದರೆ ಅದು ಗುಡುಗುತ್ತಿತ್ತು. ಸದ್ದು ಏರಿಸಲು ಗೇನ್ ಅಂತ ಒಂದು ತಿರುಗಣಿ ಇತ್ತು. ಕೊಟ್ರಬಸಪ್ಪ ಅದನ್ನು ಕೊನೆಯವರೆಗೆ ತಿರುಗಿಸಿದ. ಹಿಂದಕ್ಕೆ ತಿರುಗಿಸುವುದು ಅಂತ ಒಂದಿದೆ ಎಂಬುದು ಆ ಮನುಷ್ಯನಿಗೆ ಗೊತ್ತಿರಲಿಲ್ಲ.

ಹಳೇ ಪಿಕಪ್ಪಿಗೆ ಟ್ಯೂಬ್‌ಲೈಟಿನ ಗುಂಯ್ ಸದ್ದು ಸ್ವಲ್ಪ ತಾಗುತ್ತಿತ್ತು. ಸಣ್ಣ ಆಂಪಿನಲ್ಲಿ ಅದು ಯಾರಿಗೂ ಕೇಳುತ್ತಿರಲಿಲ್ಲ. ಹೊಸದರಲ್ಲಿ ಜೇನುಹುಟ್ಟಿಗೆ ಕಲ್ಲು ಹೊಡೆದಂತಾಯಿತು. ಕೊಟ್ರಬಸಪ್ಪ ದಾವಲಸಾಬನ ಅಂಗಡಿಗೆ ಬಂದ. ಗುಂಯ್ ಅನ್ನೋದು ಹೋಗಬೇಕು ಅಂದ. ಆಮೇಲೆ, ಸುತ್ತ ಹನ್ನೆರಡು ಹಳ್ಳಿಯಲ್ಲಿ ಇಷ್ಟು ಜೋರಿನ ಪಿಕಪ್ ಬೇರೆ ಯಾರ ಹತ್ತಿರವೂ ಇರಬಾರದು ಅಂದ.

ಗುಂಯ್ ಸದ್ದಿಗೆ ದಾವಲಸಾಬನ ಹತ್ತಿರ ಮದ್ದಿತ್ತು. ಒಂದರ ಬದಲು ಎರಡು ಸುರುಳಿ, ಒಂದಕ್ಕೊಂದು ತಿರುಗುಮುರುಗು. ಇದು ಹಿಡಿದ ಗುಂಯ್ ಅನ್ನು ಅದು ಅಳಿಸುತ್ತದೆ. ತಂತಿಯ ಸದ್ದು ಮಾತ್ರ ಉಳಿಯುತ್ತದೆ. ಅದಕ್ಕೆ ಅವನು ತಲೆಯಾಡಿಸಿದ. ಜೋರಿನ ಮಾತಿಗೆ ಆಡಿಸಲಿಲ್ಲ.

"ಪೆಟ್ಟಿಗಿ ಮೊದಲ ಒದರತೈತಿ. ಪಿಕಪ್ಪೂ ಒದರಿದರ ಕೇಳೋರು ಯಾರು?" ಅಂದ. ಒಂದೊಂದಕ್ಕೆ ಐದು ಸಾವಿರ ಸುತ್ತು ಸಾಕು ಅಂದ.

"ಎಂಟು ಸಾವಿರ ಸುತ್ತು," ಅಂದ ಕೊಟ್ರಬಸಪ್ಪ.

"ಸದ್ದು ಕೆಸರಾಗತೈತಿ."

"ಲೇ ಸಾಬಣ್ಣ, ನೀ ಸುತ್ತಾಂವ. ಸುತ್ತು. ಹೇಳಾಂವ ನಾನು."

ದಾವಲಸಾಬನಿಗೆ ಸಿಟ್ಟು ನೆತ್ತಿಗೇರಿತು. ಆಗ ಅವನು ಆಗೋದಿಲ್ಲ ಅನ್ನಬೇಕಿತ್ತು. ಅನ್ನಲಿಲ್ಲ. ಎಂಟು ಬೇಕೇನು, ತಗೋ, ಅದನ್ನೇ ಉಣ್ಣು ಅಂತ ಮನಸ್ಸಿನಲ್ಲಿ ಬೈದುಕೊಂಡು ಎಂಟು ಸಾವಿರ ಸುತ್ತಿದ. ಮೋಟಾರಿನ ಸುರುಳಿಯನ್ನು ವಾರ್ನಿಶಿನಲ್ಲಿ ಅದ್ದದೆ ಯಾರಿಗೂ ಕೊಟ್ಟವನಲ್ಲ ಅವನು. ಅದ್ದದ ಸುರುಳಿಯಲ್ಲಿ ಎಳೆ ಸಡಿಲ ಇರುತ್ತದೆ, ನಡುಗುತ್ತದೆ. ಪಿಕಪ್ಪಿಗೆ ವಾರ್ನಿಶಿನ ಬದಲು ಮೇಣ. ಆವತ್ತು ಅವನು ಮೇಣ ಕಾಯಿಸಲಿಲ್ಲ. ಇಂಥವನಿಗೆ ಮೇಣ ಬೇರೆ ಕೇಡು ಅಂತ ಒಣ ಸುರುಳಿಯನ್ನೇ ಗಿಟಾರಿಗೆ ಹಾಕಿಕೊಟ್ಟ.

ಅದರ ಮುಂದೆ ನಿಲ್ಲುವವಳು ಸಲೋಮಿ. ಅದು ಅವನ ತಲೆಗೆ ಬರಲಿಲ್ಲ. ಸಿಟ್ಟು ಹಾಗೇ.

ಪಕ್ಕದ ಊರಿನಲ್ಲಿ ಮದುವೆ. ಅಕ್ಷತೆ ಬಿದ್ದು ಜನ ಊಟಕ್ಕೆ ಕೂರುವ ಹೊತ್ತು. ಸಲೋಮಿ ಬಾರಿಸಲು ನಿಂತಳು. ಮೊದಲ ಎಳೆತಕ್ಕೇ ಆರು ತಂತಿ ಕಲಸಿ ಅಂಬಲಿಯಾಗಿ ಹೊರಬಿದ್ದವು. ಯಾವ ಹಾಡು ಅಂತ ಯಾರಿಗೂ ಗೊತ್ತಾಗಲಿಲ್ಲ. ಕೈ ನಿಲ್ಲಿಸಿದಳು. ಪೆಟ್ಟಿಗೆ ನಿಲ್ಲಿಸಲಿಲ್ಲ. ಕೀ ಅಂತ ಕಿರುಚಿತು. ಪಂಕ್ತಿಯಲ್ಲಿದ್ದ ಮುದುಕಿಯರು ಕಿವಿ ಮುಚ್ಚಿಕೊಂಡರು.

ಕೊಟ್ರಬಸಪ್ಪ ಮೈಕು ಹಿಡಿದ. ತಪ್ಪು ತಿಳೀಬ್ಯಾಡ್ರಿ, ಇದು ಹೆಣ್ಣಿನ ಕೈ, ರೊಟ್ಟಿ ಬಡಿಯಾಕ ಮಾಡಿದ್ದು, ಮುಂದಿನ ಮದುವಿಗೆ ನನ್ನ ತಂಗಿ ಮಗ ಬಾರಿಸ್ತಾನ ಅಂದ. ಪಂಕ್ತಿ ಪಂಕ್ತಿಯೇ ನಕ್ಕಿತು. ಸಲೋಮಿ ಗಿಟಾರು ಹೊತ್ತುಕೊಂಡು ಬಿಸಿಲಲ್ಲಿ ನಡೆದೇ ಊರಿಗೆ ಬಂದಳಂತೆ. ಊಟ ಮಾಡಿರಲಿಲ್ಲ.

ಸುದ್ದಿಯನ್ನು ಗಿರಣಿಯಿಂದ ತಂದವಳು ದಾವಲಸಾಬನ ಹೆಂಡತಿ ಹಾಜರಬಿ. ಹಿಟ್ಟಿನ ಡಬ್ಬಿ ಇಳಿಸಿ ಎಲ್ಲ ಹೇಳಿದಳು. ಅವನು ಸುತ್ತುತ್ತಲೇ ಇದ್ದ.

"ಆ ಸುರುಳಿ ಸುತ್ತಿದಾಂವ ಯಾರು?" ಅಂತ ಕೇಳಿದಳು.

ಅವನ ಕೈಯಲ್ಲಿದ್ದ ಎಳೆ ಹರಿಯಿತು. ನಲವತ್ತು ವರ್ಷದಲ್ಲಿ ಅದೊಂದೇ ಸಲ ಅಂತಾರೆ.

ಅವನು ಎದ್ದು ಮಿಶನ್ ಕೇರಿಗೆ ಹೋದ. ಸಲೋಮಿ ಹೊಸ್ತಿಲಲ್ಲಿ ಕೂತು ಬೆರಳು ನೋಡಿಕೊಳ್ಳುತ್ತಿದ್ದಳು. ನಿನ್ನ ಸುರುಳಿ ಹಾಳು ಅಂತ ಬೈಯುತ್ತಾಳೆ ಅಂದುಕೊಂಡು ಹೋಗಿದ್ದ. ಅವಳು ಬೈಯಲಿಲ್ಲ.

"ಕಾಕಾ, ನನ್ನ ಕೈ ಕೆಟ್ಟಾವ," ಅಂದಳು. "ಗಿಟಾರ ಯಾರಿಗಾದ್ರೂ ಕೊಟ್ಟುಬಿಡ್ತೀನಿ."

ಆಗ ಬಂದ ಸಿಟ್ಟು ಅವನಿಗೆ ಮೊದಲೂ ಬಂದಿರಲಿಲ್ಲ, ಆಮೇಲೂ ಬರಲಿಲ್ಲ ಅಂತಾರೆ. ಕೇರಿಯ ಹುಣಸೇಮರದ ಕಾಗೆಗಳೆಲ್ಲ ಎದ್ದು ಹಾರಿದವಂತೆ. ಅವನು ಬಾಯಿ ಬಿಟ್ಟಿರಲಿಲ್ಲ. ಆ ಸಿಟ್ಟಿನಲ್ಲಿ ಅರ್ಧ ಕೊಟ್ರಬಸಪ್ಪನ ಮೇಲೆ. ಇನ್ನರ್ಧ ಯಾರ ಮೇಲೆ ಅಂತ ಅವನಿಗೆ ಗೊತ್ತಿತ್ತು.

"ನಾಳೆ ಮುಂಜಾನೆ ಬಾ ಯವ್ವಾ. ಗಿಟಾರ ತಗೊಂಡು," ಅಂದ. ಅಷ್ಟೇ.

ಮುಂಜಾನೆ ಕೊಟ್ರಬಸಪ್ಪನ ಅಂಗಳದಲ್ಲಿ ಮೇಳದವರು ಸೇರಿದ್ದರು. ತಂಗಿಯ ಮಗ ಹೊಸ ಅಂಗಿ ಹಾಕಿ ನಿಂತಿದ್ದ. ದಾವಲಸಾಬ ಸಲೋಮಿಯನ್ನು ಕರೆದುಕೊಂಡು ಒಳಗೆ ಬಂದ. ಹಿಂದೆ ಅರ್ಧ ಊರು ಬಂತು. ಯಾರನ್ನೂ ಕೇಳದೆ ಗಿಟಾರನ್ನು ಪೆಟ್ಟಿಗೆಗೆ ಜೋಡಿಸಿದ. ಗೇನ್ ಮುಟ್ಟಲಿಲ್ಲ. ಅದು ಇದ್ದಲ್ಲೇ ಇತ್ತು, ಕೊನೆಯಲ್ಲಿ. ಗಿಟಾರನ್ನು ಕೊಟ್ರಬಸಪ್ಪನ ಕೊರಳಿಗೆ ಹಾಕಿದ.

"ನನಗ್ಯಾಕೋ? ನನಗ ಬಾರಿಸಾಕ ಬರೂದಿಲ್ಲ."

"ಬಾರಿಸಬ್ಯಾಡ. ತಂತಿ ಮ್ಯಾಲ ಅಂಗೈ ಇಡು. ಒತ್ತಿ ಹಿಡಿ."

ಕೊಟ್ರಬಸಪ್ಪ ನಕ್ಕು ಅಂಗೈ ಇಟ್ಟ. ಆರು ತಂತಿಯೂ ಅಲುಗದಂತೆ ಒತ್ತಿ ಹಿಡಿದ. ದಾವಲಸಾಬ ಸ್ವಿಚ್ಚು ಹಾಕಿದ. ಮೊದಲು ಸೊಳ್ಳೆಯಷ್ಟು ಸದ್ದು. ಆಮೇಲೆ ಸೀಟಿ. ಆಮೇಲೆ ಪೆಟ್ಟಿಗೆ ಬಾಯಿ ಬಿಟ್ಟು ಅರಚಿತು. ಒಣ ಸುರುಳಿ ಪೆಟ್ಟಿಗೆಯ ಸದ್ದಿಗೆ ನಡುಗಿತು. ನಡುಗಿದ್ದು ಮತ್ತೆ ಪೆಟ್ಟಿಗೆಗೆ ಹೋಯಿತು, ಪೆಟ್ಟಿಗೆ ಇನ್ನೂ ಅರಚಿತು. ಕೊಟ್ರಬಸಪ್ಪ ಎರಡೂ ಕೈ ಹಾಕಿ ಒತ್ತಿದ. ಅಂಗಳದಲ್ಲಿ ಕಟ್ಟಿದ್ದ ಎಮ್ಮೆ ಹಗ್ಗ ಹರಿದುಕೊಂಡು ಓಡಿತಂತೆ. ಅದು ಮೂರನೇ ಊರಲ್ಲಿ ಸಿಕ್ಕಿತು ಅಂತ ಅವನ ಮನೆಯವರೇ ಹೇಳುತ್ತಿದ್ದರು.

ದಾವಲಸಾಬ ಸ್ವಿಚ್ಚು ತೆಗೆದ.

"ಈಗ ಯಾರ ಕೈ ಇತ್ತು?"

ಕೊಟ್ರಬಸಪ್ಪ ತಂತಿಯಿಂದ ಕೈ ಕಿತ್ತುಕೊಂಡ.

"ಹೆಣ್ಣಿಂದೋ, ಗಂಡಿಂದೋ?"

ಕೊಟ್ರಬಸಪ್ಪನ ಮುಖ ಕಪ್ಪಿಟ್ಟಿತು. ಅವನಿಗೆ ತಪ್ಪಿಸಿಕೊಳ್ಳುವ ದಾರಿ ಸಿಕ್ಕಿತು.

"ಹಂಗಾರ ಸುರುಳಿ ತಪ್ಪು! ಸುತ್ತಿದಾಂವ ನೀನು! ತಪ್ಪು ನಿಂದು!"

"ನಂದ," ಅಂದ ದಾವಲಸಾಬ.

ಜನಕ್ಕೆ ಇದು ಬೇಕಿರಲಿಲ್ಲ. ಇಬ್ಬರೂ ಕೈ ಕೈ ಮಿಲಾಯಿಸುತ್ತಾರೆ ಅಂತ ಬಂದಿದ್ದರು. ಅವನು ಸಲೋಮಿಯ ಕಡೆ ತಿರುಗಿದ. ಇಂವ ಎಂಟು ಅಂದ, ತಪ್ಪು ಅಂತ ಗೊತ್ತಿದ್ದೂ ನಾ ಸುತ್ತಿದೆ, ಇವನ ಮ್ಯಾಲಿನ ಸಿಟ್ಟಿಗೆ ಮೇಣನೂ ಹಾಕಲಿಲ್ಲ, ಅದು ನಿನ್ನ ಕೊರಳಿಗೆ ಬಂತು ಅಂದ. ಅವನು ಒಟ್ಟಿಗೆ ಅಷ್ಟು ಮಾತಾಡಿದ್ದನ್ನು ಹಾಜರಬಿಯೂ ಕೇಳಿರಲಿಲ್ಲ ಅಂತಾರೆ.

ಆಮೇಲೆ ಅಂಗಳದಲ್ಲೇ ಕೂತ. ಬೆಸುಗೆ ಬಿಡಿಸಿ ಪಿಕಪ್ ಹೊರಗೆ ತೆಗೆದ. ಎಲ್ಲರ ಮುಂದೆ ತಾನು ಸುತ್ತಿದ್ದನ್ನು ತಾನೇ ಬಿಚ್ಚತೊಡಗಿದ. ಒಂದೊಂದು ಸುರುಳಿಯಿಂದ ಮೂರು ಸಾವಿರ ಸುತ್ತು. ಎಳೆ ಹರಿದರೆ ಮುಗಿಯಿತು. ಬಿಸಿಲು ನೆತ್ತಿಗೆ ಬಂತು. ಯಾರೂ ಊಟಕ್ಕೆ ಏಳಲಿಲ್ಲ. ಬಿಚ್ಚಿದ ಎಳೆ ಊರ ಬಾವಿಗೆ ಹೋಗಿ ಬರುವಷ್ಟು ಉದ್ದ ಇತ್ತಂತೆ. ಇದು ನಿಜ ಇರಬಹುದು.

ಸಲೋಮಿ ಚರ್ಚಿನಿಂದ ಉರಿದು ಉಳಿದ ಮೇಣದಬತ್ತಿಯ ತುಂಡು ತಂದಳು. ಹಾಜರಬಿ ದಾರಕ್ಕೆ ಸವರುವ ಜೇನುಮೇಣದ ಉಂಡೆ ತಂದಳು. ಎರಡನ್ನೂ ಕರಗಿಸಿ ಸುರುಳಿ ಮುಳುಗಿಸಿದರು. ಒಳಗಿನ ಗಾಳಿ ಗುಳ್ಳೆ ಗುಳ್ಳೆಯಾಗಿ ಬಂತು. ಗುಳ್ಳೆ ನಿಲ್ಲುವವರೆಗೆ ಅವನು ಕಣ್ಣು ತೆಗೆಯಲಿಲ್ಲ. ಆರಿದ ಮೇಲೆ ಗಿಟಾರಿಗೆ ಹಾಕಿ, ತಿರುಪು ತಿರುಗಿಸಿ ಪಿಕಪ್ಪನ್ನು ತಂತಿಯಿಂದ ಒಂದು ಕೂದಲು ಕೆಳಗಿಳಿಸಿದ.

ಗಿಟಾರು ಮತ್ತೆ ಕೊಟ್ರಬಸಪ್ಪನ ಕೊರಳಿಗೆ ಹೋಯಿತು.

"ಕೈ ಇಡು."

ಇಟ್ಟ. ಸ್ವಿಚ್ಚು ಬಿತ್ತು. ಗೇನ್ ಕೊನೆಯಲ್ಲೇ ಇತ್ತು. ಪೆಟ್ಟಿಗೆ ಉಸಿರೆತ್ತಲಿಲ್ಲ.

ಆಮೇಲೆ ಸಲೋಮಿ ತಗೊಂಡಳು. ಎಳೆದಳು. ಪೆಟ್ಟಿಗೆ ಗುಡುಗಿತು. ಗುಡುಗಿನೊಳಗೆ ಆರು ತಂತಿ ಬೇರೆ ಬೇರೆ ನಿಂತಿದ್ದವು. ಅಂಗೈ ಇಟ್ಟಳು, ಕತ್ತರಿಸಿದಂತೆ ನಿಂತಿತು. ತಂಗಿಯ ಮಗ ಹೊಸ ಅಂಗಿಯ ತೋಳು ಮಡಚಿಕೊಂಡು ಹಿತ್ತಲ ಬಾಗಿಲಿನಿಂದ ಹೋದ.

ಮುಂದಿನ ಮದುವೆಗೆ ನೀನೇ ಬಾರವ್ವಾ ಅಂದ ಕೊಟ್ರಬಸಪ್ಪ.

"ಮೈಕಿನಾಗ ಅಂದಿದ್ದಿ," ಅಂದ ದಾವಲಸಾಬ. "ಮೈಕಿನಾಗ ಹೇಳು."

ಆ ಮದುವೆಯಲ್ಲಿ ಕೊಟ್ರಬಸಪ್ಪ ಮೈಕು ಹಿಡಿದು ತಪ್ಪಾಯಿತು ಅಂದ ಅಂತಾರೆ. ಇಲ್ಲ, ಬರೀ ಕೆಮ್ಮಿದ ಅಂತಲೂ ಅಂತಾರೆ. ಕೆಮ್ಮಿದ್ದೇ ಇರಬೇಕು. ಸಲೋಮಿ ಮಾತ್ರ ಮುಪ್ಪಿಗೆ ಬೆರಳು ಸೊಟ್ಟಗಾಗುವವರೆಗೆ ಮೇಳದ ಆ ಜಾಗ ಬಿಡಲಿಲ್ಲ. ದಾವಲಸಾಬ ಸಾಯುವವರೆಗೆ ಒಂದು ಸಲವೂ ಅವಳ ಎದುರು ಕೂರಲಿಲ್ಲ. ಅವಳು ಕ್ಷಮಿಸಿದ್ದಳು. ಅವನು ತನ್ನನ್ನು ಕ್ಷಮಿಸಿಕೊಂಡಿರಲಿಲ್ಲ.

ಆ ಕಡೆ ಸುರುಳಿ ಸುತ್ತುವವರು ಈಗಲೂ ಗಿಟಾರು ನೋಡುವುದಿಲ್ಲ, ಮೊದಲು ಆಂಪು ಹೊತ್ತು ತಾ ಅಂತಾರೆ. ಅದರ ಬಾಯಿ ಎಷ್ಟು ದೊಡ್ಡದು ಅಂತ ಕೇಳಿ, ಆಮೇಲೆ ಎಳೆ ಮುಟ್ಟುತ್ತಾರೆ. ಬಾರಿಸುವವರ ಕೈಯದೇ ತಪ್ಪು ಅಂತ ಯಾರಾದರೂ ಅಂದರೆ ವಾದ ಮಾಡುವುದಿಲ್ಲ. ಗಿಟಾರನ್ನು ಅಂದವನ ಕೊರಳಿಗೇ ಹಾಕಿ, ದಾವಲಸಾಬನ ಹೆಸರಲ್ಲಿ ಕೈ ಇಡು ಅಂತಾರೆ. ಕೈ ಇಡದೆ ಬೈಯುವವರು ಈಗಲೂ ಇದ್ದಾರೆ. ಹುಣಸೀಹರವಿಯಲ್ಲಿ ಅವರಿಗೆ ಯಾರೂ ನೀರು ಕೊಡುವುದಿಲ್ಲ.