ನೋಯದ ಕಾಲು

“ಬುದ್ಧಿ, ಜನರ ಸಂಕಟ ಕೇಳುವಾಗ ಮನಸ್ಸಿಗೆ ತಾಕದ ಹಾಗೆ ಇರುವುದಕ್ಕೆ ಏನು ಮಾಡಬೇಕು?” ಎಂದು ಪಂಚಾಕ್ಷರಿ ಗುರುಗಳನ್ನು ಕೇಳಿದ.

ಮಠಕ್ಕೆ ಕಷ್ಟ ಹೇಳಿಕೊಳ್ಳಲು ಬರುವವರ ಮಾತನ್ನೆಲ್ಲ ಮೊದಲು ಕೂತು ಕೇಳುವ ಕೆಲಸ ಅವನದು. ಒಂಬತ್ತು ವರ್ಷದಿಂದ ಕೇಳುತ್ತಲೇ ಇದ್ದ. “ಸಾಕಾಗಿ ಹೋಗಿದೆ. ಈಚೆಗೆ ಹೇಗೋ ಅಭ್ಯಾಸ ಮಾಡಿಕೊಂಡು ಅರ್ಧ ನೋವು ಕಡಿಮೆಯಾಗಿದೆ. ಉಳಿದರ್ಧವೂ ಹೋಗಲಿ. ಕಿವಿ ತನ್ನಷ್ಟಕ್ಕೆ ಕೇಳಲಿ, ಬಾಯಿ ತನ್ನಷ್ಟಕ್ಕೆ ಸಮಾಧಾನ ಹೇಳಲಿ. ಅಂಥ ದಾರಿ ಇದ್ದರೆ ಹೇಳಿಕೊಡಿ. ಇಲ್ಲದಿದ್ದರೆ ಈ ಕೆಲಸ ನನ್ನಿಂದಾಗದು, ಊರಿಗೆ ಹೋಗುತ್ತೇನೆ.”

ಗುರುಗಳಿಗೂ ವಯಸ್ಸಾಗಿತ್ತು, ದಣಿವಾಗಿತ್ತು. ಗೋಡೆಗೆ ಒರಗಿ ಕೂತು, “ಒಬ್ಬ ಲಾರಿ ಚಾಲಕನ ಕತೆ ಹೇಳುತ್ತೇನೆ. ಕೇಳಿ, ಆಮೇಲೆ ಬೇಕಾದರೆ ಹೊರಡುವೆಯಂತೆ” ಎಂದು ಶುರು ಮಾಡಿದರು.

ಒಬ್ಬ ಚಾಲಕನಿದ್ದ. ಸ್ವಂತ ಲಾರಿ, ಹಳೆಯದು. ಅವನ ಮನೆಯ ಒಲೆ ಉರಿಯುತ್ತಿದ್ದುದು ಅದೊಂದರಿಂದಲೇ. ಇಪ್ಪತ್ತೆರಡು ವರ್ಷ ಆಕ್ಸಿಲರೇಟರ್ ತುಳಿದೂ ತುಳಿದೂ ಅವನ ಬಲಗಾಲು ಸೋತುಹೋಗಿತ್ತು. ಒಂದೂವರೆ ಗಂಟೆ ಓಡಿಸಿದರೆ ಸಾಕು, ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಅಯ್ಯೋ ಶಿವನೇ ಎಂದು ಲಾರಿ ಪಕ್ಕಕ್ಕೆ ಹಾಕಿ ಇಳಿಯುತ್ತಿದ್ದ. ಬರೀ ನಿಂತರೆ ಆ ನೋವು ಬಿಡದು, ನಡೆಯಬೇಕು. ಸರಕು ಬಿಟ್ಟು ದೂರ ಹೋಗುವಂತೆಯೂ ಇಲ್ಲ. ಹಾಗಾಗಿ ಲಾರಿಯ ಸುತ್ತಲೇ ಕುಂಟುತ್ತ ಎರಡು ಸುತ್ತು ಬರುತ್ತಿದ್ದ. ಹೇಗೂ ಸುತ್ತುತ್ತೇನಲ್ಲ ಎಂದು ಕೈಯಲ್ಲೊಂದು ಕಬ್ಬಿಣದ ಸಲಾಕೆ ಹಿಡಿದು ಆರೂ ಟೈರಿಗೆ ಒಂದೊಂದು ಏಟು ಹಾಕುತ್ತಿದ್ದ. ಗಾಳಿ ತುಂಬಿದ್ದರೆ ಒಂದು ಸದ್ದು, ಇಳಿದಿದ್ದರೆ ಬೇರೆ ಸದ್ದು. ಲಾರಿಯವರಿಗೆಲ್ಲ ಗೊತ್ತಿರುವುದೇ. ಆಮೇಲೆ ಮತ್ತೆ ಹತ್ತಿ, ದರಿದ್ರದ ಕಾಲು, ನೀನೊಂದು ನೆಟ್ಟಗಿದ್ದಿದ್ದರೆ ಈ ಹೊತ್ತಿಗೆ ಊರು ಮುಟ್ಟುತ್ತಿದ್ದೆ ಎಂದು ಬೈದುಕೊಳ್ಳುತ್ತ ಹೊರಡುತ್ತಿದ್ದ.

ಹೊಸ ಲಾರಿಗಳಲ್ಲಿ ಒಂದು ಏರ್ಪಾಡು ಬರುತ್ತದೆ. ಕ್ರೂಸ್ ಕಂಟ್ರೋಲ್ ಎನ್ನುತ್ತಾರೆ. ಗುಂಡಿ ಒತ್ತಿ ಕಾಲು ತೆಗೆದರೂ ವೇಗ ಇಳಿಯುವುದಿಲ್ಲ, ಗಾಡಿ ತಾನೇ ಹೋಗುತ್ತಿರುತ್ತದೆ. ಇವನದರಲ್ಲಿ ಅದಿರಲಿಲ್ಲ. ಗ್ಯಾರೇಜಿನ ಮೇಸ್ತ್ರಿಯ ಹತ್ತಿರ ಹೋದ.

“ಹುಟ್ಟುವಾಗ ಇಲ್ಲದ್ದನ್ನು ಆಮೇಲೆ ಕೂರಿಸುವುದು ರಗಳೆ ಅಣ್ಣಾ. ಆದರೂ ಕೂರಿಸಬಹುದು. ಬೇಕೇ?” ಎಂದ ಮೇಸ್ತ್ರಿ.

“ಬೇಕೇ ಅಂತ ಕೇಳುತ್ತೀಯಲ್ಲ ಮಾರಾಯಾ! ಒಂದು ದಿನ ನನ್ನ ಕಾಲು ನೀನು ಇಟ್ಟುಕೊಂಡು ನೋಡು, ಗೊತ್ತಾಗುತ್ತದೆ.”

ಮೇಸ್ತ್ರಿ ಮೂರು ದಿನ ಲಾರಿಯ ಅಡಿಯಲ್ಲೇ ಇದ್ದ. ವೈರು ಎಳೆದು, ಆಕ್ಸಿಲರೇಟರಿಗೆ ಒಂದು ಪೆಟ್ಟಿಗೆ ಜೋಡಿಸಿ, ಸ್ಟಿಯರಿಂಗ್ ಪಕ್ಕದಲ್ಲಿ ಗುಂಡಿ ಇಟ್ಟ. ಬ್ರೇಕು ತುಳಿದರೆ ಪೆಟ್ಟಿಗೆ ಬಿಟ್ಟುಕೊಡುತ್ತದೆಯೋ ಇಲ್ಲವೋ ಎಂದು ಹತ್ತು ಸಲ ನೋಡಿದ. ಕೆಲಸದಲ್ಲಿ ಒಂದು ಚೂರೂ ಕೊರತೆಯಿರಲಿಲ್ಲ.

ಚಾಲಕನಿಗೆ ಹೋದ ಜೀವ ಬಂದಂತಾಯಿತು. ಬಯಲುಸೀಮೆಯ ನೇರ ರಸ್ತೆ ಸಿಕ್ಕರೆ ಗುಂಡಿ ಒತ್ತಿ ಕಾಲು ಚಾಚಿ ಕೂರುತ್ತಿದ್ದ. ಅದು ತಪ್ಪೆಂದು ನಾನು ಹೇಳುವುದಿಲ್ಲ. ನೊಂದವನಿಗೆ ಸುಖ ಸಿಕ್ಕರೆ ಬೇಡ ಎನ್ನಲು ನಾನ್ಯಾರು? ಆದರೆ ಕಾಲು ನೋಯಲಿಲ್ಲ, ಅವನು ನಿಲ್ಲಿಸಲಿಲ್ಲ. ನಾಲ್ಕು ಗಂಟೆ, ಐದು ಗಂಟೆ ಒಂದೇ ಸಮನೆ ಓಡಿಸಿದ. ಸಲಾಕೆ ಸೀಟಿನ ಕೆಳಗೆ ಸೇರಿತು. ಬೇಡವೆಂದು ಎಸೆದದ್ದಲ್ಲ, ನೆನಪಾಗಲಿಲ್ಲ ಅಷ್ಟೇ.

ಒಂದು ಮಧ್ಯಾಹ್ನ ಹತ್ತಿ ತುಂಬಿಕೊಂಡು ಹೊರಟಿದ್ದ. ಹಿಂದಿನ ಜೋಡಿ ಟೈರುಗಳಲ್ಲಿ ಒಳಗಿನದೊಂದು ಗಾಳಿ ಬಿಡುತ್ತ ಬಂತು. ಹಾಗಾದಾಗ ಗಾಡಿ ಭಾರವಾಗುತ್ತದೆ, ತುಳಿಯುವ ಪಾದಕ್ಕೆ ಅದು ತಿಳಿಯುತ್ತದೆ. ಈಗ ತುಳಿಯುತ್ತಿದ್ದುದು ಪೆಟ್ಟಿಗೆ. ಗಾಡಿ ಎಳೆಯಲಾರದಾದಷ್ಟೂ ಅದು ಇನ್ನಷ್ಟು ಡೀಸೆಲ್ ಕೊಟ್ಟು ವೇಗ ಕಾಪಾಡಿತು. ಟೈರು ಪಕ್ಕದ ಟೈರಿಗೆ ಉಜ್ಜಿ, ಕಾದು, ಹೊತ್ತಿಕೊಂಡಿತು. ಮೇಲೆ ಹತ್ತಿ. ಕನ್ನಡಿಯಲ್ಲಿ ಹೊಗೆ ಕಂಡು ಅವನು ಲಾರಿ ನಿಲ್ಲಿಸಿ ಕೆಳಗೆ ಹಾರಿದಾಗ ಉಳಿಸುವಂಥದ್ದು ಏನೂ ಇರಲಿಲ್ಲ. ರಸ್ತೆಯಂಚಿನಲ್ಲಿ ಕೂತು, ತನ್ನ ಅನ್ನ ಉರಿಯುವುದನ್ನು ನೋಡುತ್ತ, ಗಂಡಸೆಂಬ ನಾಚಿಕೆಯಿಲ್ಲದೆ ಅತ್ತ.

ಮರುದಿನ ಸುದ್ದಿ ಕೇಳಿ ಮೇಸ್ತ್ರಿ ಅಲ್ಲಿಗೇ ಬಂದ. ಚಾಲಕ ಅವನ ಅಂಗಿ ಹಿಡಿದು, “ನಿನ್ನ ಪೆಟ್ಟಿಗೆಯೇ ನನ್ನ ಮನೆ ಹಾಳು ಮಾಡಿತು” ಎಂದ.

ಮೇಸ್ತ್ರಿ ಅಂಗಿ ಬಿಡಿಸಿಕೊಳ್ಳಲಿಲ್ಲ. ಬೂದಿಯ ಕಡೆ ನೋಡಿ, “ಬೆಂಕಿ ಎದ್ದದ್ದು ಹಿಂದಿನ ಒಳಟೈರಿನಿಂದ ಅಣ್ಣಾ. ಅದಕ್ಕೆ ಕೊನೆಯ ಸಲ ಬಡಿದು ನೋಡಿದ್ದು ಯಾವಾಗ?” ಎಂದು ಕೇಳಿದ.

ಅಂಗಿ ಹಿಡಿದ ಕೈ ತಾನಾಗಿ ಸಡಿಲವಾಯಿತು. “ಕಾಲು ನೋಯುತ್ತಿದ್ದಾಗ” ಎಂದ ಚಾಲಕ.

ಗುರುಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು. ಪಂಚಾಕ್ಷರಿಗೆ ಸಿಟ್ಟೇ ಬಂತು. ದಣಿದು ಬಂದವನಿಗೆ ಒಂದು ದಾರಿ ಹೇಳಬಾರದೇ ಎನಿಸಿತು.

“ಹಾಗಾದರೆ ಸಾಯುವ ತನಕ ನೋಯುತ್ತಲೇ ಇರಬೇಕೇ ಬುದ್ಧಿ?” ಎಂದು ಕೇಳಿದ.

“ಅದಿರಲಿ, ಇವತ್ತು ಬೆಳಿಗ್ಗೆ ನಿನ್ನ ಮುಂದೆ ಅತ್ತು ಎದ್ದುಹೋದಳಲ್ಲ, ಆ ತಾಯಿ ಏನು ಹೇಳಿಕೊಂಡಳಪ್ಪಾ?” ಎಂದರು ಗುರುಗಳು.

ಪಂಚಾಕ್ಷರಿಗೆ ತಾನು ಹೇಳಿದ ಸಮಾಧಾನದ ಮಾತು ನೆನಪಿತ್ತು, ಅವಳು ಹೇಳಿಕೊಂಡದ್ದು ಒಂದೂ ನೆನಪಾಗಲಿಲ್ಲ.