ಹಾಯಿ ಇಳಿಸದ ದೋಣಿ

"ಗುರುಗಳೇ, ಮೊದಲು ನಾನು ಎರಡು ತಾಸು ಪ್ರವಚನ ಹೇಳುತ್ತಿದ್ದೆ. ಆಮೇಲೆ ಅದು ಅರ್ಧ ತಾಸಿಗೆ ಇಳಿಯಿತು. ಈಗ ನಾಲ್ಕು ಮಾತು ಆಡಿ ಕಣ್ಣು ಮುಚ್ಚುತ್ತೇನೆ. ಮರುಳಯ್ಯ ಮಾಗಿದ್ದಾನೆ ಎಂದು ಜನ ಹೇಳುತ್ತಾರೆ. ಇದು ಮಾಗಿದ ಲಕ್ಷಣವೇ?" ಎಂದು ಶಿಷ್ಯ ಮರುಳಯ್ಯ ಕೇಳಿದ.

ಗುರುಗಳು ನಕ್ಕರು. "ಜನ ಹೇಳಿದ ಮೇಲೆ ನನ್ನನ್ನೇಕೆ ಕೇಳುತ್ತೀಯಪ್ಪ? ಇರಲಿ, ಕೂತುಕೋ" ಎಂದು ಹೇಳತೊಡಗಿದರು.

ಒಬ್ಬ ಚಿತ್ರಕಾರನಿದ್ದ. ಕಡಲನ್ನೇ ಬರೆಯುತ್ತಿದ್ದ. ಹರೆಯದಲ್ಲಿ ಬರೆದದ್ದೆಲ್ಲ ಬಿರುಗಾಳಿ, ಆಳೆತ್ತರದ ಅಲೆ, ನಡುವೆ ಹಾಯಿ ಬಿಚ್ಚಿದ ದೋಣಿ. ಊರಿಗೆ ಊರೇ ಕೊಂಡಾಡಿತು. ಒಂದು ದಿನ ಹತ್ತು ಜನರೆದುರು ಒಬ್ಬ ಮೀನುಗಾರ ಚಿತ್ರದ ಮುಂದೆ ನಿಂತು ಕೇಳಿದ: "ಸ್ವಾಮೀ, ಈ ದೋಣಿಯಲ್ಲಿದ್ದವರು ಸತ್ತುಹೋದರೇ?"

"ಯಾಕಯ್ಯ?"

"ಇಂಥ ಗಾಳಿಗೆ ನಾವು ಮೊದಲು ಹಾಯಿ ಇಳಿಸುತ್ತೇವೆ. ಇಳಿಸುವ ಕೈ ಇದ್ದಿದ್ದರೆ ಇದು ಹೀಗೆ ಉಬ್ಬಿರುತ್ತಿರಲಿಲ್ಲ. ನಾಳೆ ನನ್ನ ದೋಣಿಗೆ ಬನ್ನಿ, ತೋರಿಸುತ್ತೇನೆ."

ಅವನು ಕುಹಕವಾಡಲಿಲ್ಲ, ಪಾಪ. ಆದರೂ ಚಿತ್ರಕಾರ ನಾಚಿಕೆಯಿಂದ ಕುಗ್ಗಿಹೋದ. ಅವನು ಹುಟ್ಟಿದಾಗಿನಿಂದ ಒಮ್ಮೆಯೂ ದೋಣಿ ಹತ್ತಿದವನಲ್ಲ. ಅದನ್ನು ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಮರುದಿನ ಹೋಗಲೂ ಇಲ್ಲ.

ಮುಂದಿನ ಚಿತ್ರಗಳಲ್ಲಿ ದೋಣಿ ದೂರ ಸರಿಯಿತು, ಹಾಯಿ ಕಾಣದಷ್ಟು ದೂರ. ಕೆಲವು ವರ್ಷಗಳಲ್ಲಿ ದೋಣಿಯೇ ಹೋಯಿತು. ಅಲೆ ಬಲ್ಲವನೊಬ್ಬ ಬಂದರೆ ಏನು ಗತಿ ಎಂದು ಅಲೆಯನ್ನೂ ಬಿಟ್ಟ. ಮುಪ್ಪಿನಲ್ಲಿ ಉಳಿದದ್ದು ಮೇಲೊಂದು ಬಣ್ಣ, ಕೆಳಗೊಂದು ಬಣ್ಣ, ನಡುವೆ ಒಂದು ಗೆರೆ. "ಆಹಾ, ಏನು ಪಕ್ವತೆ! ಕಡಲಿನ ಸಾರವನ್ನೇ ಇಳಿಸಿದ್ದಾರೆ!" ಎಂದರು ಬಲ್ಲವರು. ಹೊಗಳಿದಷ್ಟೂ ಅವನ ನಾಚಿಕೆ ಹೆಚ್ಚಿತು. ಕೊರಳಿಗೆ ಹಾರ ಬಿದ್ದಾಗ ಮುಖ ಎತ್ತುತ್ತಿರಲಿಲ್ಲ. ಅದನ್ನೂ ಜನ ವಿನಯ ಎಂದರು. ನೋಡು ಗ್ರಹಚಾರ!

ಕೊನೆಗೆ ತಡೆಯಲಾರದೆ ಒಂದು ಚಿತ್ರ ಹಿಡಿದು ಅವನೇ ಆ ಮೀನುಗಾರನ ಗುಡಿಸಲು ಹುಡುಕಿಕೊಂಡು ಹೋದ. ಮೀನುಗಾರ ಹಣ್ಣು ಹಣ್ಣು ಮುದುಕನಾಗಿದ್ದ. ಬಹಳ ಹೊತ್ತು ನೋಡಿ ಹೇಳಿದ: "ಇದರಲ್ಲಿ ತಪ್ಪೇನೂ ಇಲ್ಲ ಸ್ವಾಮೀ. ನಾವೂ ಇಲ್ಲ."

ಚಿತ್ರಕಾರ ಅತ್ತುಬಿಟ್ಟ. "ಆವತ್ತು ಕರೆದೆಯಲ್ಲ, ಈಗ ಹತ್ತಿಸಿಕೊಳ್ಳುತ್ತೀಯಾ?" ಎಂದ.

"ಅಯ್ಯೋ, ಹುಟ್ಟು ಹಿಡಿಯಲು ಈ ಕೈಗೆ ಇನ್ನೆಲ್ಲಿಯ ಬಲ?" ಎಂದ ಮುದುಕ.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯ ನೆಲ ನೋಡುತ್ತ ಕೂತಿದ್ದ.

"'ಇದು ನನಗೆ ಗೊತ್ತಿಲ್ಲ' ಎಂದು ಇಷ್ಟು ವರ್ಷಗಳಲ್ಲಿ ಒಬ್ಬರಿಗಾದರೂ ಹೇಳಿದ್ದೀಯಾ, ಮರುಳಯ್ಯ?" ಎಂದರು ಗುರುಗಳು.