ಕಡವಿನಹಾಳಿನ ಬೋಣಿಗೆ ಕಟ್ಟೆ

ಕಡವಿನಹಾಳಿನ ಪೇಟೆ ಬೀದಿ ಹೊಳೆಯ ಕಡೆಗೆ ಇಳಿಯುವ ತಿರುವಿನಲ್ಲಿ, ಹುಣಸೆಮರದ ಬುಡದಲ್ಲಿ ಒಂದು ಕಲ್ಲುಕಟ್ಟೆ ಇದೆ. ಅದರ ಒಂದು ಮೂಲೆ ಕುಸಿದಿದೆ. ಜನ ಅದನ್ನು ಬೋಣಿಗೆ ಕಟ್ಟೆ ಎನ್ನುತ್ತಾರೆ. ಹಿಂದೆ ಇಲ್ಲಿ ಜೋರು ವ್ಯಾಪಾರ ನಡೆಯುತ್ತಿತ್ತೇನೋ ಎಂದು ಹೊಸಬರು ಅಂದುಕೊಳ್ಳುತ್ತಾರೆ. ಅದು ತಪ್ಪು. ಈ ಕಟ್ಟೆಯ ಮೇಲೆ ಕೂತು ಯಾರೂ ಎಂದೂ ಒಂದು ವೀಳ್ಯದೆಲೆಯನ್ನೂ ಮಾರಿದ್ದಿಲ್ಲ. ದಿನದ ಮೊದಲ ಮಾರಾಟಕ್ಕೆ ಬೋಣಿಗೆ ಎನ್ನುತ್ತಾರೆ, ಅದು ಆಗುವ ತನಕ ವ್ಯಾಪಾರಿಯಾದವನು ಕೈಯಿಂದ ಕಾಸು ಬಿಡುವುದಿಲ್ಲ; ಇದು ನಮಗೆಲ್ಲ ಗೊತ್ತಿರುವುದೇ. ಆ ಪದ್ಧತಿಯ ಮರೆಯಲ್ಲಿ ಒಬ್ಬಳು ಅವಿತುಕೊಂಡದ್ದರಿಂದ ಬಂದ ಹೆಸರು ಇದು.

ಹಿಂದೆ ಒಮ್ಮೆ, ಹೊಳೆಗೆ ಸೇತುವೆ ಇಲ್ಲದಿದ್ದ ಕಾಲದಲ್ಲಿ, ಹಂಪವ್ವ ಎಂಬ ಬಳೆಗಾರ್ತಿ ಕಟ್ಟೆಯ ಎದುರಿಗೆ ಬಳೆಗಳ ಮಲಾರ ಬಿಚ್ಚಿ ಕೂರುತ್ತಿದ್ದಳಂತೆ. ಅಂದು ನಾಗರಪಂಚಮಿಯ ಹಿಂದಿನ ದಿನ. ಬಳೆಗಾರರಿಗೆ ವರ್ಷದಲ್ಲಿ ಅಂಥ ದಿನ ಇನ್ನೊಂದಿಲ್ಲ. ಆದರೆ ಹೊಳೆ ಏರುತ್ತಿತ್ತು. ನಡುಹಗಲಿಗೆ ಕೊನೆಯ ಹರಿಗೋಲು, ಆಮೇಲೆ ನೀರು ಇಳಿಯುವ ತನಕ ದಾಟಿಸುವುದಿಲ್ಲ ಎಂದು ಅಂಬಿಗ ಬೆಳಿಗ್ಗೆಯೇ ಸಾರಿದ್ದ. ಹೊತ್ತು ಸ್ವಲ್ಪ ಏರಿದ ಮೇಲೆ ಗುರುತಿಲ್ಲದ ಒಬ್ಬ ನಡುವಯಸ್ಸಿನವನು ಬೀದಿಯುದ್ದಕ್ಕೂ ಕೈ ಒಡ್ಡುತ್ತ, ಎಲ್ಲರಿಂದಲೂ ಗದರಿಸಿಕೊಳ್ಳುತ್ತ ಅವಳ ಮುಂದೆ ಬಂದು ನಿಂತ. ಬೇಡಿ ರೂಢಿಯಿದ್ದವನ ಹಾಗೆ ಕಾಣಲಿಲ್ಲ. ತೊಟ್ಟ ಅಂಗಿ ಮಾಸಿರಲಿಲ್ಲ.

"ಅವ್ವಾ, ಒಂದು ದುಡ್ಡು ಕೊಡು. ಹರಿಗೋಲಿಗೆ ಬೇಕಾಗೇತಿ. ಆಚೀ ದಂಡ್ಯಾಗ ಮಗಳು ಹೆರಿಗಿ ಬ್ಯಾನಿ ತಿನ್ನಾಕ ಹತ್ಯಾಳ."

ಹಂಪವ್ವ ಕಲ್ಲುಮನಸ್ಸಿನವಳಲ್ಲ. ಆದರೆ ಹಿಂದಿನ ವರ್ಷ ಒಬ್ಬ ಅಪ್ಪನ ಮಣ್ಣಿಗೆ ಎಂದು ಗೋಳಾಡಿ ಅವಳಿಂದ ಎರಡು ದುಡ್ಡು ಕಿತ್ತಿದ್ದ. ಅದೇ ಸಂಜೆ ಹೆಂಡದಂಗಡಿಯ ಮುಂದೆ ಹಾಡು ಹೇಳುತ್ತ ನಿಂತಿದ್ದ. ಅಂದಿನಿಂದ ಬೀದಿಯಲ್ಲಿ ಯಾರು ಕೈ ಒಡ್ಡಿದರೂ ಅವಳಿಗೆ ಅಳುಕು. ಕೊಟ್ಟರೆ ಮೋಸ ಹೋದೆನೇನೋ, ಕೊಡದಿದ್ದರೆ ಪಾಪ ಕಟ್ಟಿಕೊಂಡೆನೇನೋ. ಬೆಳಿಗ್ಗೆಯೇ ಗೌಡರ ಸೊಸೆಯಂದಿರಿಗೆ ಬಳೆ ತೊಡಿಸಿ ಬಂದಿದ್ದಳು, ಸೊಂಟದ ಚೀಲ ಭಾರವಾಗಿಯೇ ಇತ್ತು. ಆದರೂ ಬಾಯಿಗೆ ಬಂದದ್ದು ಬೇರೆ.

"ಇನ್ನೂ ಬೋಣಿಗಿ ಆಗಿಲ್ಲಪ್ಪ. ಆದ ಮ್ಯಾಲ ಬಾ."

ಈ ಮಾತಿಗೆ ಬರಬೇಡ ಎಂದೇ ಅರ್ಥ ಎಂಬುದು ಪೇಟೆಯ ಕೋಳಿಗೂ ಗೊತ್ತಿತ್ತು. ಆ ಮನುಷ್ಯನಿಗೆ ಗೊತ್ತಿರಲಿಲ್ಲ. "ಆಗಲಿ ಅವ್ವಾ" ಎಂದು ತಲೆಯಾಡಿಸಿ ಎದುರಿನ ಕಟ್ಟೆಗೆ ಹೋದ. ಅವಳಿಗೆ ಬೆನ್ನು ಮಾಡಿ, ಹೊಳೆಗೆ ಮುಖ ಮಾಡಿ ಕೂತ. ಮುಂದೆ ಯಾರನ್ನೂ ಕೇಳಲಿಲ್ಲ.

ಅಲ್ಲಿಂದ ಹಂಪವ್ವನ ಫಜೀತಿ ಶುರುವಾಯಿತು. ಅವನು ಕಳ್ಳನಿರಬಹುದೇ, ಚೀಲದ ಮೇಲೆ ಕಣ್ಣಿಟ್ಟು ಕೂತಿರಬಹುದೇ? ನೋಡಿದರೆ ಅವನು ತಿರುಗಿಯೇ ನೋಡುವುದಿಲ್ಲ. ಅದು ಇನ್ನೂ ಕೆಟ್ಟದೆನಿಸಿತು. ಒಂದು ಬಳೆ ತೊಡಿಸಿದರೂ ಸದ್ದು ಕೇಳಿ ಎದ್ದು ಬರುತ್ತಾನೆ ಎಂದು ಹೆದರಿ ಬಂದ ಹೆಂಗಸರನ್ನೆಲ್ಲ "ಅಳತಿ ಇಲ್ಲ", "ಬಣ್ಣ ಚಲೋ ಇಲ್ಲ" ಎಂದು ಸಾಗಹಾಕತೊಡಗಿದಳು. ಅವರು ಪಕ್ಕದ ಬಳೆಗಾರನ ಹತ್ತಿರ ಹೋಗಿ ಕೈತುಂಬ ತೊಟ್ಟುಕೊಂಡರು. ಒಂದು ಸುಳ್ಳನ್ನು ಕಾಯಲು ವರ್ಷದ ವ್ಯಾಪಾರವನ್ನೇ ಕೈಯಾರೆ ಕಳೆದುಕೊಳ್ಳುತ್ತಿದ್ದಳು. ಅವನು ಮಗಳ ಬಗ್ಗೆ ಹೇಳಿದ್ದು ನಿಜವಾಗಿದ್ದರೆ ಎಂಬ ಯೋಚನೆ ಬಂದಾಗಲೆಲ್ಲ ನೆರಳು ಎಷ್ಟು ಕುಗ್ಗಿತೆಂದು ನೋಡುವಳು.

ಕೊನೆಗೆ ತಡೆಯಲಾರದೆ ಒಂದು ದುಡ್ಡು ತೆಗೆದು ಬೀದಿ ದಾಟಿದಳು. "ತಗೋಪ್ಪ" ಎಂದು ಚಾಚಿದಳು.

"ಬೋಣಿಗಿ ಆತೇನವ್ವಾ?"

"ಇರಲಿ ತಗೋ."

ಅವನು ಕೈ ಹಿಂದಕ್ಕೆ ಎಳೆದುಕೊಂಡ. "ಬ್ಯಾಡವ್ವಾ. ಹಬ್ಬದ ಯಾಪಾರ, ನನ್ನಿಂದ ಕೆಡಬಾರದು. ನನ್ನ ಕಣ್ಣು ತಾಕಬಾರದಂತನ ಇತ್ತಾಗ ಮುಖ ಮಾಡಿ ಕುಂತೇನಿ. ಇನ್ನೂ ಹರಿಗೋಲು ಬಿಟ್ಟಿಲ್ಲ, ಕಾಯ್ತೇನಿ."

ಹಂಪವ್ವನಿಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು. ಅವಳ ಮಾತನ್ನು ಅವನು ಪೂರ್ತಿ ನಂಬಿದ್ದ, ಅವನ ಮಾತನ್ನು ಅವಳು ನಂಬಿರಲಿಲ್ಲ. "ಬೋಣಿಗಿ ಮುಂಜಾನೆನ ಆಗಿತ್ತಪ್ಪ" ಎಂದಳು, ತನಗೇ ಕೇಳಿಸದಷ್ಟು ಮೆಲ್ಲಗೆ. ಅವನು ಬೈಯಲಿಲ್ಲ. ಅವಳ ಮುಖವನ್ನು ಒಮ್ಮೆ ನೋಡಿ, ದುಡ್ಡು ತೆಗೆದುಕೊಂಡು ಓಡಿದ. ಅಷ್ಟರಲ್ಲೇ ಅಂಬಿಗ ಹರಿಗೋಲು ಬಿಡುವ ಕೂಗು ಹಾಕಿದ್ದು ಕೇಳಿಸಿತು. ಹಂಪವ್ವ ಅವನು ಕೂತಿದ್ದ ಜಾಗದಲ್ಲೇ ಕೂತಳು. ಹೋಗಿ ನೋಡುವ ಧೈರ್ಯ ಬರಲಿಲ್ಲ.

ಹೊಳೆ ಇಳಿಯಲು ಒಂಬತ್ತು ದಿನ ಹಿಡಿಯಿತು. ಅಂಬಿಗ ಈ ದಡಕ್ಕೆ ಬಂದಾಗ ಅವಳು ಕೇಳಿದಳು, ಅಂದು ಒಬ್ಬ ಓಡಿ ಬಂದು ಹತ್ತಿದನೇ ಎಂದು. "ಸೆಳವಿನಾಗ ಹುಟ್ಟು ನೋಡ್ಲ್ಯೋ, ಮಂದಿ ಮುಖ ನೋಡ್ಲ್ಯೋ" ಎಂದನಂತೆ ಅವನು. ಆಚೆ ದಡದಲ್ಲಿ ಯಾರ ಮನೆಯಲ್ಲಿ ಹೆರಿಗೆಯಾಯಿತು ಎಂದು ಬಂದವರನ್ನೆಲ್ಲ ಕೇಳಿದಳು. ಅಲ್ಲಿ ಹನ್ನೆರಡು ಊರು, ಹೆರಿಗೆಗೆ ಬರವೇ? ಸಾಯುವ ತನಕ ಕೇಳಿದಳು ಎನ್ನುತ್ತಾರೆ.

ಈಗ ಸೇತುವೆಯಾಗಿದೆ, ಕಟ್ಟೆಯ ಪಕ್ಕದಲ್ಲೇ ಬಸ್ಸು ನಿಲ್ಲುತ್ತದೆ. ಟಿಕೇಟಿಗೆ ಕಡಿಮೆ ಬಿತ್ತು ಎಂದು ಕೈ ಒಡ್ಡುವವರು ಇಲ್ಲಿಯೂ ಇದ್ದಾರೆ, ಅವರಲ್ಲಿ ಸುಳ್ಳರೂ ಇದ್ದಾರೆ. ಪೇಟೆಯವರಿಗೂ ಎಲ್ಲರಂತೆ ಅನುಮಾನ ಬರುತ್ತದೆ, ಎಷ್ಟೋ ಸಲ ಕೊಡುವುದಿಲ್ಲ. ಆದರೆ ಹೋಗಿ ನಿಂತು ನೋಡಿದರೆ ನಿಮಗೇ ತಿಳಿಯುತ್ತದೆ. ಆಮೇಲೆ ಬಾ ಎಂದು ಇಲ್ಲಿ ಯಾರೂ ಹೇಳುವುದಿಲ್ಲ. ಕೊಡದಿದ್ದರೆ ಇಲ್ಲ ಎಂದು ಮುಖಕ್ಕೆ ಹೇಳಿಬಿಡುತ್ತಾರೆ, ಇನ್ನೊಬ್ಬರನ್ನು ಕೇಳಲಾದರೂ ಅವನಿಗೆ ಹೊತ್ತು ಉಳಿಯಲಿ ಎಂದು.